ಅಂದಾಜಿನ ಮೇಲೆ ಗಾಡಿ ಓಡಿಸಬೇಡ ತಮ್ಮಾ

ಕಾಕಾನ ಮಾರುತಿ 800 ನಿನ್ನ ಕೈಗೆ ಬಂದಿದೆ. ಎಂಜಿನ್ ಚೆನ್ನಾಗಿದೆ, ಬ್ರೇಕ್ ಹಿಡಿಯುತ್ತದೆ, ಸ್ಪೀಡೋಮೀಟರಿನ ಮುಳ್ಳು ಮಾತ್ರ ಸೊನ್ನೆಯಿಂದ ಏಳುವುದಿಲ್ಲ. 'ಇಷ್ಟು ವರ್ಷ ಓಡಿಸಿದವನಿಗೆ ವೇಗ ಗೊತ್ತಾಗುವುದಿಲ್ಲವೇ' ಎಂದು ನಿನ್ನ ಗೆಳೆಯರು ಹೇಳುತ್ತಾರೆ. ಆ ಮಾತನ್ನು ನಂಬಬೇಡ. ಮುಳ್ಳು ಸರಿಯಾಗುವ ತನಕ ಆ ಗಾಡಿ ನಿನಗೆ ಅರ್ಧ ಕುರುಡು ಎಂದೇ ತಿಳಿದುಕೋ.

ಮನುಷ್ಯನ ಮೈ ವೇಗವನ್ನು ಸರಿಯಾಗಿ ಅಳೆಯುವುದಿಲ್ಲ. ಬೆಳಗಾವಿಯಿಂದ 48ನೇ ಹೆದ್ದಾರಿಯಲ್ಲಿ ಬಂದು ಅಂಕಲಗಿ ಕಡೆಗೆ ತಿರುಗಿದಾಗ ಗಮನಿಸು. ಹೆದ್ದಾರಿಯ ಓಟಕ್ಕೆ ಕಣ್ಣು ಒಗ್ಗಿಹೋಗಿರುವುದರಿಂದ 60ರಲ್ಲಿದ್ದರೂ ಗಾಡಿ ತೆವಳಿದಂತೆ ಅನಿಸುತ್ತದೆ. 60ರ ವೇಗದಲ್ಲಿ ಒಂದೇ ಸೆಕೆಂಡಿಗೆ ಹದಿನಾರು ಮೀಟರ್ ದಾಟಿರುತ್ತೀ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಹಾದಿಗಳು ಹೇಗಿರುತ್ತವೆ ನಿನಗೇ ಗೊತ್ತು. ಕತ್ತಲಲ್ಲಿ ಹಿಂದಿನ ದೀಪವಿಲ್ಲದ ಟ್ರೇಲರ್ ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ ಹದಿನಾರು ಮೀಟರ್ ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ 40ಕ್ಕೂ 60ಕ್ಕೂ ಇರುವ ಅಂತರವನ್ನು ಅಂದಾಜಿಗೆ ಬಿಡಬಾರದು. ಕಾನೂನೂ ಬಿಡುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 117ನೇ ನಿಯಮ ಇರುವುದೇ ಸ್ಪೀಡೋಮೀಟರಿಗಾಗಿ.

ಗ್ಯಾರೇಜಿಗೆ ಹೋಗುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದುಕೋ. ಗೇರ್‌ಬಾಕ್ಸಿನಲ್ಲಿರುವ ಒಂದು ಪುಟ್ಟ ಹಲ್ಲುಗಾಲಿ ಕೇಬಲಿನ ಒಳಗಿನ ತಂತಿಯನ್ನು ತಿರುಗಿಸುತ್ತದೆ. ಮೇಲೆ, ಮೀಟರಿನೊಳಗೆ, ಆ ತಂತಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ಅದಕ್ಕೆ ತಾಗದಂತೆ ಅಲ್ಯೂಮಿನಿಯಂ ಬಟ್ಟಲೊಂದು ಇರುತ್ತದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳು ಹುಟ್ಟಿ ಅದನ್ನೂ ಜೊತೆಗೆ ಎಳೆಯುತ್ತವೆ, ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಈ ಎರಡು ಎಳೆತ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಅಂಬಾಸಿಡರ್, ಪದ್ಮಿನಿ, ಹಳೆಯ 800 ಎಲ್ಲವೂ ಇದನ್ನೇ ನಂಬಿ ಓಡಿದವು. ಈಚಿನ ಗಾಡಿಗಳಲ್ಲಿ ಕೇಬಲ್ ಬದಲು ಸೆನ್ಸಾರ್ ಇರುತ್ತದೆ. ನಿನ್ನದು ಯಾವುದೆಂದು ಮೊದಲು ನೋಡಿಕೋ.

ಕೇಬಲಿನದಾದರೆ ರೋಗ ಎಲ್ಲಿದೆ ಎಂದು ಗಾಡಿಯೇ ಹೇಳುತ್ತದೆ. ಮುಳ್ಳು ಸತ್ತಿದ್ದು, ಕಿಲೋಮೀಟರ್ ಅಂಕಿಗಳು ಮಾತ್ರ ಓಡುತ್ತಿದ್ದರೆ ಕೇಬಲ್ ಸರಿಯಿದೆ, ತೊಂದರೆ ಮೀಟರಿನೊಳಗೆ. ಎರಡೂ ನಿಂತಿದ್ದರೆ ಬಹುತೇಕ ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಹಲ್ಲುಗಾಲಿ ಸವೆದಿರುತ್ತದೆ. ಮುಳ್ಳು ನಡುಗುತ್ತಿದ್ದರೆ, ಕೀಚ್ ಎಂಬ ಸದ್ದು ಬರುತ್ತಿದ್ದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚಿಕೊಂಡಿದೆ. ಇಷ್ಟು ತಿಳಿದಿದ್ದರೆ ನೂರಾರು ರೂಪಾಯಿಯ ಕೇಬಲಿನ ಕೆಲಸಕ್ಕೆ ಇಡೀ ಮೀಟರ್ ಬದಲಿಸುವ ಖರ್ಚು ನಿನ್ನ ಮೇಲೆ ಬೀಳುವುದಿಲ್ಲ.

ಕೈ ಹಚ್ಚುವ ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚು. ಮೀಟರಿನ ಸ್ಕ್ರೂ ತೆಗೆದು ಮೆಲ್ಲಗೆ ಮುಂದಕ್ಕೆ ಎಳೆದು, ಹಿಂದಿನಿಂದ ಕೇಬಲ್ ಬಿಡಿಸು. ಈಗ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಒಬ್ಬರು ಸ್ಟೀರಿಂಗ್ ಹಿಡಿದಿರುವಾಗ ಸಪಾಟು ಜಾಗದಲ್ಲಿ ಹತ್ತು ಹೆಜ್ಜೆ ತಳ್ಳಿಸು. ಕೇಬಲಿನ ತುದಿಯ ತಂತಿ ತಿರುಗಿದರೆ ಕೆಳಗಿನದೆಲ್ಲ ಸರಿ, ಮೀಟರನ್ನು ಬಲ್ಲವರಿಗೆ ತೋರಿಸು. ತಿರುಗದಿದ್ದರೆ ತಂತಿಯನ್ನು ಎಳೆದು ನೋಡು, ತುಂಡಾಗಿದ್ದರೆ ಅರ್ಧವೇ ಕೈಗೆ ಬರುತ್ತದೆ. ಇಡಿಯಾಗಿ ಬಂದರೆ ಕೆಳಗಿನ ಹಲ್ಲುಗಾಲಿಯನ್ನು ಮಿಸ್ತ್ರಿಯಿಂದ ಬಿಚ್ಚಿಸಿ ನೋಡಿಸು. ಗಾಡಿಯನ್ನು ಬರೀ ಜ್ಯಾಕಿನ ಮೇಲೆ ನಿಲ್ಲಿಸಿ ಅಡಿಗೆ ಮಾತ್ರ ನುಗ್ಗಬೇಡ.

ಹೊಸ ಕೇಬಲ್ ತರುವಾಗ ಹಳೆಯದನ್ನು ಗೋಕಾಕಿನ ಅಂಗಡಿಗೆ ಒಯ್ದು ಉದ್ದ, ಎರಡೂ ತುದಿ ತಾಳೆ ನೋಡಿಯೇ ಕೊಳ್ಳು. ಗ್ರೀಸನ್ನು ತೆಳ್ಳಗೆ ಸವರು, ಮೇಲಿನ ಒಂದು ಗೇಣು ಹಾಗೇ ಬಿಡು. ಹೆಚ್ಚಾದ ಗ್ರೀಸ್ ತಿರುಗುವ ತಂತಿಯನ್ನು ಹಿಡಿದು ಮೇಲೇರಿ ಮೀಟರನ್ನೇ ಕೆಡಿಸುತ್ತದೆ. ಕೇಬಲ್ ಎಲ್ಲೂ ಗಕ್ಕನೆ ಬಾಗದಂತೆ, ಬಿಸಿಯಾದ ಸೈಲೆನ್ಸರ್ ಪೈಪಿಗೆ ತಾಗದಂತೆ ಅದು ಮೊದಲಿದ್ದ ಹಾದಿಯಲ್ಲೇ ಕೂಡಿಸು.

ಮುಳ್ಳು ಎದ್ದಿತೆಂದು ಅಲ್ಲಿಗೇ ಬಿಡಬೇಡ, ಅದು ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸು. ಬಯಲು ಹಾದಿಯಲ್ಲಿ ಮುಳ್ಳನ್ನು 60ಕ್ಕೆ ನಿಲ್ಲಿಸು, ಜೊತೆಗಿದ್ದವರು ಗಡಿಯಾರ ಹಿಡಿಯಲಿ. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ ಸರಿಯಾಗಿ 60 ಸೆಕೆಂಡ್ ಹಿಡಿಯಬೇಕು, 40ರಲ್ಲಾದರೆ 90 ಸೆಕೆಂಡ್. ಅವರ ಮೊಬೈಲಿನ ಜಿಪಿಎಸ್‌ಗೂ ಹೋಲಿಸಲಿ. ಮೀಟರ್ ಕೊಂಚ ಹೆಚ್ಚು ತೋರಿಸಿದರೆ ಅಪಾಯವಿಲ್ಲ, ಕಡಿಮೆ ತೋರಿಸಿದರೆ ಇದೆ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟಯರ್ ಹಾಕಿಸಿದ್ದರೂ ಮುಳ್ಳು ಕಡಿಮೆ ಹೇಳುತ್ತದೆ, ಅದನ್ನೂ ನೋಡು.

ಇನ್ನೊಂದು ಮಾತು. ಮೀಟರ್ ಬಿಚ್ಚಿದಾಗ ಕಿಲೋಮೀಟರ್ ಅಂಕಿಗಳನ್ನು ಹಿಂದಕ್ಕೆ ತಿರುಗಿಸಿಕೊಡುತ್ತೇನೆ, ಮಾರುವಾಗ ಒಳ್ಳೆ ಬೆಲೆ ಬರುತ್ತದೆ ಎನ್ನುವವರು ಸಿಗುತ್ತಾರೆ. ಅಂಥವರ ಕೈಗೆ ಗಾಡಿ ಕೊಡಬೇಡ. ನಾಳೆ ಕೊಳ್ಳುವವನೂ ನಮ್ಮಂತೆ ಬೆಳೆ ಮಾರಿ ಹಣ ಕೂಡಿಸಿದವನೇ ಆಗಿರುತ್ತಾನೆ. ಎಷ್ಟು ಕಿಲೋಮೀಟರಿನಲ್ಲಿ ಅಂಕಿ ನಿಂತಿತ್ತು, ಯಾವ ತಾರೀಖಿಗೆ ಕೇಬಲ್ ಬದಲಾಯಿತು ಎಂದು ಚೀಟಿಯಲ್ಲಿ ಬರೆದು ಗಾಡಿಯ ಕಾಗದಪತ್ರದೊಳಗೆ ಇಡು, ಕೊಳ್ಳುವವನಿಗೆ ನೀನೇ ತೆಗೆದು ತೋರಿಸು. ಆಯಿಲ್ ಬದಲಿಸುವ ಲೆಕ್ಕಕ್ಕೆ ನಿನಗೂ ಅದು ಬೇಕಾಗುತ್ತದೆ.

ಈ ವಾರವೇ ಕೆಲಸ ಹಿಡಿ. ಅದು ಮುಗಿಯುವ ತನಕ ಹೆದ್ದಾರಿಗೆ ಇಳಿಯಬೇಡ, ಕತ್ತಲಾದ ಮೇಲೆ ಗಾಡಿ ತೆಗೆಯಬೇಡ. ಹೋಗಲೇಬೇಕಾದರೆ ಪಕ್ಕದಲ್ಲಿ ಕೂತವರು ಜಿಪಿಎಸ್ ನೋಡಿ ವೇಗ ಹೇಳಲಿ, ನಿನ್ನ ಕಣ್ಣು ಹಾದಿಯ ಮೇಲಿರಲಿ.