ಕಾಡಂಚಿನ ಕಾಲುವೆ ದಾರಿ: ಕ್ರಾಮ್‌ಫರ್ಡಿನ ನೀರಿನ ಪಾಠ

ತೋಟಕ್ಕೆ ನೀರು ಎಲ್ಲಿಂದ ಬರುತ್ತದೆಂದು ಮನೆಯ ಮಕ್ಕಳನ್ನು ಕೇಳಿದರೆ ಈಗ ಹೆಚ್ಚಿನವರು ಪಂಪಿನ ಮನೆಯತ್ತ ಕೈ ತೋರಿಸುತ್ತಾರೆ. ಕಾಲುವೆಯ ತಲೆಯವರೆಗೆ ನಡೆದು ಹೋಗಿ ನೋಡಿದ ಮಕ್ಕಳು ಕಡಿಮೆ. ನೀರಿನ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿದರೆ ಎಷ್ಟೆಲ್ಲ ತಿಳಿಯುತ್ತದೆ ಎಂಬುದಕ್ಕೆ ಈ ಸಲ ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಕ್ರಾಮ್‌ಫರ್ಡ್ ಕಾಲುವೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ದೂರದ ಊರಾದರೂ ಅಲ್ಲಿನ ತೊಂದರೆ ನಮ್ಮ ಬೆಳೆಗಾರರಿಗೆ ಹೊಸದಲ್ಲ.

ಇದು ಗದ್ದೆಗೆ ನೀರುಣಿಸುವ ಕಾಲುವೆಯಲ್ಲ, ಸರಕು ಸಾಗಿಸುವ ದೋಣಿಗಳಿಗಾಗಿ ತೋಡಿದ್ದು. 1789ರಲ್ಲಿ ಪಾರ್ಲಿಮೆಂಟಿನ ಅನುಮತಿ ದೊರೆತು 1794ರಲ್ಲಿ ಕೆಲಸ ಮುಗಿಯಿತು. ವಿಲಿಯಂ ಜೆಸಪ್ ಮತ್ತು ಬೆಂಜಮಿನ್ ಔಟ್ರಾಮ್ ಇದರ ಇಂಜಿನಿಯರುಗಳು. ಕ್ರಾಮ್‌ಫರ್ಡಿನಲ್ಲಿ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಬಲದಿಂದ ನಡೆಯುವ ಹತ್ತಿ ನೂಲಿನ ಗಿರಣಿಯನ್ನು ಕಟ್ಟಲು ತೊಡಗಿದ್ದನು. ಕಾಲುವೆ ಆಗಬೇಕೆಂದು ಓಡಾಡಿದವರಲ್ಲಿ ಅವನೂ ಒಬ್ಬ; ಆದರೆ 1792ರಲ್ಲಿ ತೀರಿಕೊಂಡದ್ದರಿಂದ ದೋಣಿ ಬಂದದ್ದನ್ನು ನೋಡಲಿಲ್ಲ. ದೋಣಿಯನ್ನು ಎಳೆಯುವ ಕುದುರೆಗಳಿಗಾಗಿ ಏರಿಯ ಮೇಲೆ ಮಾಡಿದ ದಾರಿಯೇ ಇಂದು ಸಂಸಾರಸಮೇತ ನಡೆಯುವವರ ದಾರಿಯಾಗಿದೆ.

ಕ್ರಾಮ್‌ಫರ್ಡಿನಿಂದ ಆಂಬರ್‌ಗೇಟ್‌ವರೆಗೆ 5 ಮೈಲಿಗಿಂತ ತುಸು ಹೆಚ್ಚು ದೂರ. ಡರ್ವೆಂಟ್ ಹೊಳೆಯ ಕಣಿವೆಯಲ್ಲಿ ಗುಡ್ಡದ ಮೈಯನ್ನೇ ಅನುಸರಿಸಿ ಒಂದೇ ಮಟ್ಟದಲ್ಲಿ ಕಾಲುವೆ ತೋಡಿದ್ದರಿಂದ ದಾರಿಗೆ ಏರಿಳಿತವಿಲ್ಲ. ನಾವು ಸಮಪಾತಳಿ ಗೆರೆಯಲ್ಲಿ ಕಾಫಿ ಗಿಡ ನೆಡುವ ಕ್ರಮವೇ ಇದು. ಚಿಕ್ಕ ಮಕ್ಕಳೂ ವಯಸ್ಸಾದವರೂ ಆಯಾಸವಿಲ್ಲದೆ ನಡೆಯಬಹುದು. ಅಷ್ಟು ದೂರ ಆಗದವರು ಸುಮಾರು ಅರ್ಧ ದಾರಿಯ ವಾಟ್‌ಸ್ಟಾಂಡ್‌ವೆಲ್‌ನಲ್ಲಿ ನಿಂತು ರೈಲಿನಲ್ಲಿ ಹಿಂತಿರುಗಬಹುದು. ಈ ಮೂರೂ ಊರುಗಳಿಗೆ ರೈಲು ನಿಲ್ದಾಣವಿದೆ. ಆದರೆ ನೀರಿನ ಅಂಚಿಗೆ ಉದ್ದಕ್ಕೂ ಕಟಾಂಜನವಿಲ್ಲ. ನಡುವೆ 76 ಗಜದ ಒಂದು ಕತ್ತಲ ಸುರಂಗದೊಳಗೆ ಹಾದುಹೋಗಬೇಕು. ಅಲ್ಲಿ ಮಕ್ಕಳ ಕೈ ಹಿಡಿದಿರುವುದೇ ಸರಿ.

ಸುಮಾರು ಒಂದು ಮೈಲಿ ನಡೆದರೆ ಹೈ ಪೀಕ್ ಜಂಕ್ಷನ್ ಸಿಗುತ್ತದೆ. 1831ರಲ್ಲಿ ಪೂರ್ತಿಯಾದ ಗುಡ್ಡಗಾಡು ರೈಲು ಇಲ್ಲಿ ಕಾಲುವೆಗೆ ಬಂದು ಸೇರುತ್ತಿತ್ತು. ಕಡಿದಾದ ಇಳಿಜಾರಿನಲ್ಲಿ ಬಂಡಿಗಳನ್ನು ಹಗ್ಗ ಕಟ್ಟಿ ಏರಿಸಿ ಇಳಿಸುತ್ತಿದ್ದರು. 1888ರಲ್ಲಿ ಹಿಡಿತ ತಪ್ಪಿದ ಎರಡು ಬಂಡಿಗಳು ಉರುಳಿ ಬಂದು ಕಾಲುವೆಯನ್ನೂ ಅದರಾಚೆಯ ರೈಲು ಹಳಿಯನ್ನೂ ಹಾರಿ ಬಿದ್ದವು. ಆ ಬಳಿಕ, ಓಡಿ ಬರುವ ಬಂಡಿಗಳನ್ನು ಹಿಡಿಯಲು ದೊಡ್ಡ ಗುಂಡಿಯೊಂದನ್ನು ಮಾಡಿದರು. ಮಕ್ಕಳಿಗೆ ಬೇರೆಲ್ಲಕ್ಕಿಂತ ಈ ಕಥೆಯೇ ಹಿಡಿಸುತ್ತದೆ.

ಅಲ್ಲಿಂದ ಸ್ವಲ್ಪ ಮುಂದೆ ಕಾಲುವೆ ಕಲ್ಲಿನ ಕಮಾನಿನ ಮೇಲೆ ಹೊಳೆಯನ್ನು ದಾಟುತ್ತದೆ. ಕಮಾನಿನ ಅಗಲ 80 ಅಡಿ. ಕಟ್ಟಿದ ಹೊಸತರಲ್ಲೇ ಇದು ಬಿರುಕು ಬಿಟ್ಟಿತು. ಸ್ಥಳೀಯ ಸುಣ್ಣದ ಗಾರೆ ಸರಿಯಾಗಿ ಗಟ್ಟಿಯಾಗಿರಲಿಲ್ಲ, ಗೋಡೆಗೂ ಬೇಕಾದಷ್ಟು ಬಲವಿರಲಿಲ್ಲ. ಜೆಸಪ್ ತಪ್ಪು ತನ್ನದೆಂದು ಒಪ್ಪಿಕೊಂಡು ರಿಪೇರಿಯ ಖರ್ಚನ್ನು, ಸುಮಾರು 650 ಪೌಂಡನ್ನು, ಕೈಯಿಂದಲೇ ಕೊಟ್ಟನು. ಗುತ್ತಿಗೆ ಕೆಲಸಗಳನ್ನು ಕಂಡಿರುವ ನಮ್ಮ ಸದಸ್ಯರಿಗೆ ಇದು ನಂಬಲು ಕಷ್ಟವಾದೀತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಕಾಲುವೆಗೆ ನೀರು ಎಲ್ಲಿಂದ ಬಂತು?

ಆ ಗುಡ್ಡಗಳಲ್ಲಿ ಸೀಸದ ಗಣಿಗಳಿದ್ದವು. ಗಣಿಯಲ್ಲಿ ನಿಂತ ನೀರನ್ನು ಬಸಿದು ಹೊರಹಾಕಲು ಗುಡ್ಡದ ಬುಡದಿಂದ ಅಡ್ಡಲಾಗಿ ಸುರಂಗ ಕೊರೆಯುತ್ತಿದ್ದರು. ಅದನ್ನು ಅವರು 'ಸಫ್' ಎನ್ನುತ್ತಾರೆ. ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರ ಮನೆಯ ಹಿಂದಿನ ಗುಡ್ಡದ ಸುರಂಗವೂ ಇದೇ ಜಾತಿಯದು. ವ್ಯತ್ಯಾಸವಿಷ್ಟೇ, ನಾವು ನೀರು ಬೇಕೆಂದು ಕೊರೆದೆವು, ಅವರು ನೀರು ಬೇಡವೆಂದು ಕೊರೆದರು. ಹೀಗೆ 17ನೇ ಶತಮಾನದಲ್ಲಿ ಕೊರೆಯಲು ತೊಡಗಿದ ಕ್ರಾಮ್‌ಫರ್ಡ್ ಸುರಂಗದಿಂದ ವರ್ಷವಿಡೀ ನೀರು ಬರುತ್ತಿತ್ತು. ಭೂಮಿಯೊಳಗಿನಿಂದ ಬೆಚ್ಚಗೆ ಬರುವುದರಿಂದ ಚಳಿಗಾಲದಲ್ಲೂ ಸುಲಭಕ್ಕೆ ಹೆಪ್ಪುಗಟ್ಟುತ್ತಿರಲಿಲ್ಲ. ಗಿರಣಿಯ ಚಕ್ರ ತಿರುಗಿದ್ದೂ ಬಳಿಕ ಕಾಲುವೆ ತುಂಬಿದ್ದೂ ಬಹುಮಟ್ಟಿಗೆ ಈ ನೀರಿನಿಂದ.

ಆದರೆ 1772ರಲ್ಲಿಯೇ ಇನ್ನೊಂದು ಕಡೆಯಿಂದ, ಇನ್ನೂ ಕೆಳಮಟ್ಟದಲ್ಲಿ, ಮೀರ್‌ಬ್ರೂಕ್ ಎಂಬ ಸುರಂಗವನ್ನು ಕೊರೆಯಲು ಆರಂಭಿಸಿದ್ದರು. ಗಟ್ಟಿ ಬಂಡೆಯಲ್ಲಿ ಕೈಯಿಂದ ಮಾಡುವ ಕೆಲಸ. ಹತ್ತಾರು ವರ್ಷ ಹಿಡಿಯಿತು. ಅದು ಗುಡ್ಡದೊಳಗೆ ಸಾಗಿದಂತೆ ಮೇಲಿನ ಸುರಂಗದ ನೀರು ಕೆಳಗಿನದಕ್ಕೆ ಇಳಿಯತೊಡಗಿತು. ಹಳೆಯ ಸುರಂಗದ ಬಾಯಿಯಲ್ಲಿ ನೀರು ಕಡಿಮೆಯಾಯಿತು. ಆರ್ಕ್‌ರೈಟ್ ವಂಶದವರು ಕೋರ್ಟಿಗೆ ಹೋದರು. ತಲೆಮಾರುಗಳಿಂದ ಬಳಸಿದ ನೀರು ತಮ್ಮದೆಂಬುದು ಅವರ ವಾದ. 1839ರಲ್ಲಿ ತೀರ್ಪು ಅವರ ವಿರುದ್ಧವಾಯಿತು. ಇದು ಸಹಜ ತೊರೆಯಲ್ಲ, ಗಣಿಯವರು ತಮ್ಮ ಅನುಕೂಲಕ್ಕೆ ಹೊರಬಿಟ್ಟ ನೀರು. ಅದನ್ನು ಎಷ್ಟು ಕಾಲ ಬಳಸಿದರೂ ಮುಂದೆಯೂ ಬರುತ್ತಲೇ ಇರಬೇಕೆಂಬ ಹಕ್ಕು ಹುಟ್ಟುವುದಿಲ್ಲ ಎಂದು ಕೋರ್ಟು ಹೇಳಿತು. ನೀರಿಲ್ಲದೆ ಕ್ರಾಮ್‌ಫರ್ಡ್ ಗಿರಣಿಯ ನೂಲುವ ಕೆಲಸ ಕುಗ್ಗಿಹೋಯಿತು.

ಪಕ್ಕದ ತೋಟದಲ್ಲಿ ಆಳದ ಕೊಳವೆಬಾವಿ ತೆಗೆದ ಎರಡೇ ಬೇಸಿಗೆಯಲ್ಲಿ ತೆರೆದ ಬಾವಿ ಬತ್ತಿದ್ದನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ! ಬೋರು ಕೊರೆಸಿದವರೇನೂ ಕೆಟ್ಟವರಲ್ಲ, ಮೀರ್‌ಬ್ರೂಕಿನವರೂ ಕೆಟ್ಟವರಾಗಿರಲಿಲ್ಲ. ಕೆಳಗೆ ಕಂಡಿ ಬಿದ್ದರೆ ನೀರು ಮೇಲೆ ನಿಲ್ಲುವುದಿಲ್ಲ, ಅಷ್ಟೇ.

ನೀರು ಕಡಿಮೆಯಾದ ಕಾಲುವೆಯವರು 1849ರಲ್ಲಿ ಹೊಳೆಯ ದಡದಲ್ಲಿ ಲೀವುಡ್ ಪಂಪ್‌ಹೌಸ್ ಕಟ್ಟಿದರು. ಎತ್ತರದ ಹೊಗೆಗೊಳವೆಯುಳ್ಳ ಈ ಕಲ್ಲಿನ ಕಟ್ಟಡ ಇಂದಿಗೂ ದಾರಿಯ ಬದಿಯಲ್ಲಿದೆ. ಆವಿಯಂತ್ರದ ಒಂದೊಂದು ಎಳೆತಕ್ಕೆ ಸುಮಾರು 4 ಟನ್ ನೀರು, ನಿಮಿಷಕ್ಕೆ 7 ಎಳೆತ. ಎಂದರೆ ನಿಮಿಷಕ್ಕೆ ಸುಮಾರು 28 ಸಾವಿರ ಲೀಟರ್. ಇಷ್ಟು ದೊಡ್ಡ ಯಂತ್ರ ಯಾಕೆಂದರೆ, ಹೊಳೆಯ ನೀರನ್ನೇ ನಂಬಿದ ಗಿರಣಿಗಳು ಕೆಳಗೆ ಇದ್ದವು. ಅವು ನಡೆಯುವ ದಿನಗಳಲ್ಲಿ ನೀರೆತ್ತುವಂತಿರಲಿಲ್ಲ. ಶನಿವಾರ ರಾತ್ರಿ 8ರಿಂದ ಭಾನುವಾರ ರಾತ್ರಿ 8ರವರೆಗೆ ಮಾತ್ರ ಅನುಮತಿ. ವಾರಕ್ಕೆ ಬೇಕಾದ ನೀರನ್ನು ಒಂದೇ ದಿನದಲ್ಲಿ ಎತ್ತಿಡಬೇಕಿತ್ತು. ಕಟ್ಟದ ನೀರನ್ನು ಸರದಿಯ ಪ್ರಕಾರ ಹಂಚಿಕೊಂಡ ಊರಿನವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. 1944ರವರೆಗೆ ಈ ಯಂತ್ರ ಕೆಲಸ ಮಾಡಿತು.

ಕಾಲುವೆಯ ತಳದ ಬಗ್ಗೆಯೂ ಒಂದು ಮಾತು. ಸಿಮೆಂಟಿಲ್ಲದ ಆ ಕಾಲದಲ್ಲಿ ಜೇಡಿಮಣ್ಣನ್ನು ನೀರಿನಲ್ಲಿ ಕಲಸಿ, ತುಳಿದು ಹದಮಾಡಿ, ಪದರ ಪದರವಾಗಿ ಬಡಿದು ತಳಕ್ಕೂ ಬದಿಗೂ ಹಾಕುತ್ತಿದ್ದರು. ಸದಾ ಒದ್ದೆಯಾಗಿರುವವರೆಗೆ ಇದು ಸೋರುವುದಿಲ್ಲ. ಒಮ್ಮೆ ಒಣಗಿದರೆ ಬಿರಿಯುತ್ತದೆ. ಮರದ ಬೇರೂ ಅದನ್ನು ಸೀಳುತ್ತದೆ. ತೋಟದ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆಯ ಬದಲು ಜೇಡಿ ಹಾಕುವವರು ಇದನ್ನು ಗಮನಿಸಬೇಕು: ಬೇಸಿಗೆಯಲ್ಲೂ ತಳ ಮುಚ್ಚುವಷ್ಟು ನೀರು ಬಿಡಬೇಕು, ಏರಿಯ ಮೇಲೆ ಮರ ಬೆಳೆಯಲು ಬಿಡಬಾರದು.

ದಾರಿಯುದ್ದಕ್ಕೂ ಕಾಲುವೆಯ ಮೇಲ್ಬದಿಯಲ್ಲಿ ಓಕ್, ಆಶ್ ಮರಗಳ ಕಾಡಿದೆ. ವಸಂತದಲ್ಲಿ ನೆಲವೆಲ್ಲ ನೀಲಿ ಹೂ. ಬೆಳ್ಳುಳ್ಳಿ ವಾಸನೆಯ ಬಿಳಿ ಹೂವಿನ ಗಿಡವೂ ಉಂಟು. ಈ ಸೀಮೆಯ ಕಾಡುಗಳು ಹಿಂದೆ ಮುಟ್ಟದೆ ಬಿಟ್ಟ ಕಾಡುಗಳಾಗಿರಲಿಲ್ಲ. ಮರವನ್ನು ಬುಡದಲ್ಲಿ ಕಡಿದು, ಚಿಗುರು ಬಂದು ಬಲಿತ ಮೇಲೆ ಮತ್ತೆ ಕಡಿಯುತ್ತಿದ್ದರು. ಆ ಕಟ್ಟಿಗೆಯನ್ನು ಗುಂಡಿಗಳಲ್ಲಿ ಒಣಗಿಸಿ ಸೀಸ ಕರಗಿಸಲು ಒಯ್ಯುತ್ತಿದ್ದರು. ಗೊಬ್ಬಳ ಗಿಡ ಕಡಿದು ಚಿಗುರಿಸುವ ನಮ್ಮ ಕ್ರಮಕ್ಕೆ ಇದು ಹತ್ತಿರದ್ದು. ನೀರಿನಲ್ಲಿ ಮುಳುಗುಹಕ್ಕಿಗಳಿವೆ, ದಡದ ಬಿಲಗಳಲ್ಲಿ ನೀರಿಲಿಗಳಿವೆ. ಅಮೆರಿಕದಿಂದ ಬಂದ ಮಿಂಕ್ ಎಂಬ ಪ್ರಾಣಿಯ ಕಾಟದಿಂದ ಆ ದೇಶದಲ್ಲಿ ಈ ಇಲಿಗಳು ಬಹಳ ಕಡಿಮೆಯಾಗಿವೆ. ಸದ್ದಿಲ್ಲದೆ ನಿಂತರೆ ಮಾತ್ರ ಕಾಣುತ್ತವೆ. ಮಕ್ಕಳನ್ನು ಸುಮ್ಮನಿರಿಸಲು ಇದೊಂದು ಉಪಾಯ.

1900ರಲ್ಲಿ ಕೆಳಗಿನ ಕಲ್ಲಿದ್ದಲು ಗಣಿಗಾರಿಕೆಯಿಂದ ನೆಲ ಕುಸಿದು ಮುಂದಿನ ದೊಡ್ಡ ಸುರಂಗಮಾರ್ಗ ಮುಚ್ಚಿತು, 1944ರಲ್ಲಿ ಕಾಲುವೆಯ ಹೆಚ್ಚಿನ ಭಾಗವನ್ನು ಕೈಬಿಟ್ಟರು. 1974ರಿಂದ ಈ ಭಾಗ ಪ್ರಾಂತದ ಕೌನ್ಸಿಲಿನ ವಶದಲ್ಲಿದೆ. ಮೀರ್‌ಬ್ರೂಕ್ ಸುರಂಗದ ನೀರು ಮಾತ್ರ ನಿಂತಿಲ್ಲ. ಗಣಿಗಳು ಮುಚ್ಚಿದ ಮೇಲೂ ಹರಿದು, ಕುಡಿಯುವ ನೀರಾಗಿ ಬಳಕೆಯಾಗಿದೆ.

ಸುರಂಗ ಅಥವಾ ಗುಡ್ಡದ ಒರತೆಯಿರುವ ಸದಸ್ಯರು ಬರುವ ಬೇಸಿಗೆಯಲ್ಲಿ ಮಕ್ಕಳನ್ನು ಅದರ ಬಾಯಿಯವರೆಗೆ ನಡೆಸಿಕೊಂಡು ಹೋಗಿ. ಒಳಗೆ ಬಿಡಬೇಡಿ. ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಅವರ ಕೈಯಿಂದಲೇ ಬರೆಸಿ, ತಾರೀಕು ಹಾಕಿಸಿ. ಪ್ರತಿ ವರ್ಷ ಅದೇ ಕೊಡ, ಅದೇ ತಾರೀಕು ಇರಲಿ.