ಅಂತರ್ಜಲದ ಕಾವಲುಗಾರ ಜಾನ್ ಚೆರಿ

ನೆಲದ ಮೇಲೆ ಹರಿಯುವ ಹೊಳೆ ಕೆಟ್ಟರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ನೀರಿನ ಬಣ್ಣ ಬದಲಾಗುತ್ತದೆ, ದುರ್ವಾಸನೆ ಹಬ್ಬುತ್ತದೆ, ಮೀನುಗಳು ಸತ್ತು ತೇಲುತ್ತವೆ. ಆದರೆ ನೆಲದೊಳಗಿನ ನೀರು ಕೆಟ್ಟರೆ ಅದನ್ನು ಕಾಣುವವರು ಯಾರು? ಬಾವಿಯಿಂದ ಸೇದಿದ ನೀರು ಸ್ಫಟಿಕದಂತೆ ತಿಳಿಯಾಗಿರಬಹುದು. ಆದರೂ ಅದರಲ್ಲಿ ಆರೋಗ್ಯಕ್ಕೆ ಹಾನಿಕರವಾದ ವಿಷ ಬೆರೆತಿರಬಹುದು. ಇಂತಹ ಕಾಣದ ಕೇಡನ್ನು ಪತ್ತೆಹಚ್ಚಿ, ಅದಕ್ಕೆ ಪರಿಹಾರವನ್ನು ಹುಡುಕುವ ಕಾರ್ಯಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟವರಲ್ಲಿ ಕೆನಡಾ ದೇಶದ ಜಾನ್ ಚೆರಿಯವರು ಪ್ರಮುಖರು.

ಚೆರಿಯವರು ಹುಟ್ಟಿದುದು 1941ರಲ್ಲಿ. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾನಿಲಯದಲ್ಲಿ ಭೂವೈಜ್ಞಾನಿಕ ಎಂಜಿನಿಯರಿಂಗ್ ಪದವಿಯನ್ನು ಪಡೆದು, ಅಮೆರಿಕದಲ್ಲಿ ಉನ್ನತ ವ್ಯಾಸಂಗವನ್ನು ಮುಗಿಸಿದರು. 1971ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯವನ್ನು ಸೇರಿದರು. ಮುಂದಿನ ಹಲವು ದಶಕಗಳ ಕಾಲ ಅದೇ ಅವರ ಕರ್ಮಭೂಮಿಯಾಯಿತು.

ಆ ಕಾಲಕ್ಕಾಗಲೇ ಅಂತರ್ಜಲ ವಿಜ್ಞಾನಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿತ್ತು. ಮರಳಿನ ಮೂಲಕ ನೀರು ಯಾವ ನಿಯಮಕ್ಕೆ ಒಳಪಟ್ಟು ಹರಿಯುತ್ತದೆ ಎಂಬುದನ್ನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿಯೇ ಪ್ರಕಟಿಸಿದ್ದನು. ಆದರೆ ಅನಂತರದ ವಿಜ್ಞಾನಿಗಳ ಮುಂದಿದ್ದ ಮುಖ್ಯ ಪ್ರಶ್ನೆ ಒಂದೇ: ನೆಲದಿಂದ ಎಷ್ಟು ನೀರನ್ನು ಪಡೆಯಬಹುದು? ಆ ನೀರು ಕೆಡಬಹುದೆಂಬ ಯೋಚನೆ ಹೆಚ್ಚು ಮಂದಿಗೆ ಬಂದಿರಲಿಲ್ಲ. ಮಣ್ಣು ಎಲ್ಲ ಕೊಳೆಯನ್ನೂ ಸೋಸಿ ತೆಗೆಯುತ್ತದೆಂಬ ನಂಬಿಕೆ ಬಲವಾಗಿತ್ತು.

ಈ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದುದು ಅಮೆರಿಕದ ನಯಾಗರ ಫಾಲ್ಸ್ ನಗರದಲ್ಲಿ. ಅಲ್ಲಿ ‘ಲವ್ ಕೆನಾಲ್’ ಎಂಬ ಅರ್ಧಕ್ಕೆ ನಿಂತ ಹಳೆಯ ಕಾಲುವೆಯಿತ್ತು. 1942ರಿಂದ 1953ರವರೆಗೆ ರಾಸಾಯನಿಕ ಕಾರ್ಖಾನೆಯೊಂದು ಸುಮಾರು 20,000 ಟನ್ನುಗಳಷ್ಟು ತ್ಯಾಜ್ಯವನ್ನು ಆ ಕಾಲುವೆಯಲ್ಲಿ ತುಂಬಿ, ಮೇಲೆ ಮಣ್ಣು ಮುಚ್ಚಿತು. ಬಳಿಕ ಅದೇ ನೆಲದಲ್ಲಿ ಶಾಲೆಯೊಂದು ಎದ್ದಿತು, ಸುತ್ತಲೂ ಮನೆಗಳಾದವು. ವರ್ಷಗಳು ಉರುಳಿದ ಮೇಲೆ, ಹೂತಿಟ್ಟ ವಿಷ ಮಣ್ಣಿನೊಳಗಿಂದ ಒಸರಿ ಮನೆಗಳ ನೆಲಮಾಳಿಗೆಗಳನ್ನು ಹೊಕ್ಕಿತು. 1978ರಲ್ಲಿ ಸರ್ಕಾರವು ತುರ್ತುಪರಿಸ್ಥಿತಿಯನ್ನು ಸಾರಿ ಅಲ್ಲಿನ ಕುಟುಂಬಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಮಲಿನಗೊಂಡ ಸ್ಥಳಗಳನ್ನು ಶುದ್ಧಗೊಳಿಸುವುದಕ್ಕಾಗಿಯೇ 1980ರಲ್ಲಿ ಅಮೆರಿಕದಲ್ಲಿ ಕಾನೂನೊಂದು ಜಾರಿಗೆ ಬಂದಿತು.

ಕಾನೂನೇನೋ ಬಂದಿತು. ಆದರೆ ನೆಲದೊಳಗೆ ವಿಷ ಹೇಗೆ ಚಲಿಸುತ್ತದೆ ಎಂಬುದನ್ನು ತಿಳಿಯದೆ ಶುದ್ಧಿಕಾರ್ಯವನ್ನು ನಡೆಸುವುದು ಹೇಗೆ? ಚೆರಿಯವರು ಈ ಪ್ರಶ್ನೆಯ ಅಧ್ಯಯನವನ್ನು ಮೊದಲೇ ಕೈಗೊಂಡಿದ್ದರು. ಅವರು ಆಲನ್ ಫ್ರೀಜ್ ಅವರೊಡನೆ ಸೇರಿ ಬರೆದ ‘ಗ್ರೌಂಡ್‌ವಾಟರ್’ ಎಂಬ ಗ್ರಂಥ 1979ರಲ್ಲಿ ಪ್ರಕಟವಾಯಿತು. ಅಂತರ್ಜಲದ ಹರಿವಿನೊಡನೆ ಅದರ ರಸಾಯನವನ್ನೂ ಮಾಲಿನ್ಯವನ್ನೂ ಒಟ್ಟಿಗೆ ವಿವರಿಸಿದ ಈ ಗ್ರಂಥ ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಪಠ್ಯವಾಯಿತು.

ಪುಸ್ತಕದ ಜ್ಞಾನವನ್ನು ನೆಲದಲ್ಲಿಯೇ ಪರೀಕ್ಷಿಸಬೇಕೆಂಬುದು ಚೆರಿಯವರ ದೃಢವಾದ ನಿಲುವು. ಇದಕ್ಕೆ ದೊರೆತ ಸ್ಥಳ ಆಂಟೇರಿಯೋ ಪ್ರಾಂತದ ಬಾರ್ಡನ್ ಸೇನಾ ನೆಲೆ. ಅಲ್ಲಿನ ನೆಲ ಮರಳಿನಿಂದ ಕೂಡಿದುದು. 1982ರ ಆಗಸ್ಟ್ ತಿಂಗಳಲ್ಲಿ ವಾಟರ್‌ಲೂ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಸೇರಿ ಅಲ್ಲಿ ಒಂದು ಅಪೂರ್ವ ಪ್ರಯೋಗವನ್ನು ಆರಂಭಿಸಿದರು. ಉಪ್ಪಿನ ಅಂಶವನ್ನೂ ಐದು ಬಗೆಯ ಸಾವಯವ ರಾಸಾಯನಿಕಗಳನ್ನೂ ಬೆರೆಸಿದ ಸುಮಾರು 12,000 ಲೀಟರ್ ನೀರನ್ನು ನೆಲದೊಳಕ್ಕೆ ಇಳಿಬಿಟ್ಟರು. ಸುತ್ತಲೂ ಬೇರೆ ಬೇರೆ ಆಳಗಳಿಗೆ ಸಣ್ಣ ಕೊಳವೆಗಳನ್ನು ಇಳಿಸಿ, ಸುಮಾರು 5,000 ಬಿಂದುಗಳಿಂದ ನೀರಿನ ಮಾದರಿಗಳನ್ನು ತೆಗೆಯುವ ಏರ್ಪಾಡು ಮಾಡಿದರು. ಎರಡು ವರ್ಷಗಳಿಗೂ ಹೆಚ್ಚು ಕಾಲ ಈ ಪರೀಕ್ಷೆ ನಡೆಯಿತು.

ಫಲಿತಾಂಶಗಳು ಬೆಲೆಯುಳ್ಳವಾಗಿದ್ದವು. ಉಪ್ಪಿನ ಅಂಶ ನೀರಿನೊಡನೆ ದಿನಕ್ಕೆ ಸುಮಾರು 9 ಸೆಂಟಿಮೀಟರ್ ದೂರ ಮಾತ್ರ ಸಾಗಿತು. ಎಂದರೆ ವರ್ಷಕ್ಕೆ 33 ಮೀಟರ್! ಸಾವಯವ ರಾಸಾಯನಿಕಗಳಾದರೋ ಮರಳಿನ ಕಣಗಳಿಗೆ ಅಂಟುತ್ತಾ ಬಿಡುತ್ತಾ ಇನ್ನೂ ನಿಧಾನವಾಗಿ ಚಲಿಸಿದವು. ಹೊಳೆಗೆ ಬಿದ್ದ ಕೊಳೆ ಕೆಲವು ದಿನಗಳಲ್ಲಿ ಕೊಚ್ಚಿಹೋಗಬಹುದು. ನೆಲಕ್ಕೆ ಇಳಿದ ಕೊಳೆ ಹಾಗಲ್ಲ. ತಂದೆಯ ಕಾಲದಲ್ಲಿ ಚೆಲ್ಲಿದ ವಿಷ ಮಗನ ಕಾಲದಲ್ಲಿ ಬಾವಿಯನ್ನು ಸೇರಬಹುದು.

ಇದಕ್ಕಿಂತಲೂ ಕಠಿಣವಾದ ಸಮಸ್ಯೆ ಇನ್ನೊಂದಿತ್ತು. ಯಂತ್ರದ ಬಿಡಿಭಾಗಗಳ ಜಿಡ್ಡನ್ನು ತೊಳೆಯಲು ಕಾರ್ಖಾನೆಗಳಲ್ಲಿ ಕ್ಲೋರಿನ್‌ಯುಕ್ತ ದ್ರಾವಕಗಳನ್ನು ಬಳಸುತ್ತಿದ್ದರು. ಟ್ರೈಕ್ಲೋರೋಎಥಿಲೀನ್ ಅವುಗಳಲ್ಲಿ ಒಂದು. ಎಣ್ಣೆ ನೀರಿನ ಮೇಲೆ ತೇಲುವುದನ್ನು ಎಲ್ಲರೂ ಕಂಡಿದ್ದಾರೆ. ಈ ದ್ರಾವಕದ ಗುಣ ಅದಕ್ಕೆ ವಿರುದ್ಧ. ಒಂದು ಲೀಟರ್ ದ್ರಾವಕ ಸುಮಾರು 1.46 ಕಿಲೋಗ್ರಾಂ ತೂಗುವುದರಿಂದ ಅದು ನೀರಿನೊಳಗೆ ಮುಳುಗಿ, ಕಂಡಕಂಡ ಸಂದುಗಳಲ್ಲಿ ಇಳಿದು, ಜೇಡಿಮಣ್ಣಿನ ಪದರಗಳ ಮೇಲೆ ತಂಗುತ್ತದೆ. ಅಲ್ಲಿಂದ ಅಲ್ಪಸ್ವಲ್ಪವಾಗಿ ಕರಗುತ್ತಾ ದೀರ್ಘಕಾಲ ನೀರನ್ನು ಕೆಡಿಸುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಇದು 5 ಮೈಕ್ರೋಗ್ರಾಂ ಮೀರಬಾರದೆಂದು ಅಮೆರಿಕ, ಕೆನಡಾಗಳಲ್ಲಿ ಮಿತಿಯುಂಟು. ಈ ಲೆಕ್ಕದಂತೆ ಒಂದೇ ಲೀಟರ್ ದ್ರಾವಕ ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ತಲುಪಿಸಬಲ್ಲದು.

ಇಂತಹ ದ್ರಾವಕಗಳ ನಡವಳಿಕೆಯನ್ನು ಜರ್ಮನಿಯ ಫ್ರೀಡ್ರಿಷ್ ಶ್ವಿಲ್ಲೆ ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟಿದ್ದರು. ಚೆರಿಯವರೂ ಅವರ ಸಂಗಡಿಗರೂ ಬಾರ್ಡನ್ನಿನಲ್ಲಿ ನೆಲದ ಒಂದು ಭಾಗಕ್ಕೆ ಉಕ್ಕಿನ ತಗಡುಗಳ ಗೋಡೆಯನ್ನು ಇಳಿಸಿ, ಒಳಗಿನದು ಹೊರಗೆ ಹೋಗದಂತೆ ಸುತ್ತುಗಟ್ಟಿ, ಅದರೊಳಗೆ ದ್ರಾವಕದ ಜಾಡನ್ನು ಅಧ್ಯಯನ ಮಾಡಿದರು.

ಕೆಟ್ಟ ನೀರನ್ನು ಪಂಪಿನಿಂದ ಮೇಲೆತ್ತಿ ಶುದ್ಧಮಾಡಿದರೆ ಸಾಕೆಂದು ಎಂಜಿನಿಯರುಗಳು ಮೊದಲಿಗೆ ಭಾವಿಸಿದ್ದರು. ಪಂಪು ನಡೆಯುತ್ತಿರುವಾಗ ನೀರು ಸುಧಾರಿಸಿದಂತೆ ಕಾಣುತ್ತಿತ್ತು. ನಿಲ್ಲಿಸಿದೊಡನೆ ಜೇಡಿಮಣ್ಣಿನೊಳಗೆ ಅಡಗಿದ್ದ ವಿಷ ಮತ್ತೆ ಹೊರಬರುತ್ತಿತ್ತು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಇಂತಹ 77 ಸ್ಥಳಗಳನ್ನು ಪರಿಶೀಲಿಸಿದಾಗ 69 ಕಡೆ ಗುರಿ ಇನ್ನೂ ಕೈಗೂಡಿರಲಿಲ್ಲ. ಹಣವನ್ನು ಚೆಲ್ಲಿದ ಮಾತ್ರಕ್ಕೆ ನೆಲ ಶುದ್ಧವಾಗದು ಎಂಬ ಕಹಿ ಸತ್ಯವನ್ನು ವಿಜ್ಞಾನ ಮುಚ್ಚಿಡಲಿಲ್ಲ.

ಆದರೂ ವಿಜ್ಞಾನಿಗಳು ಕೈಕಟ್ಟಿ ಕೂರಲಿಲ್ಲ. ವಾಟರ್‌ಲೂವಿನ ರಾಬರ್ಟ್ ಗಿಲ್‌ಹ್ಯಾಮ್ ಅವರ ತಂಡವು 1980ರ ದಶಕದಲ್ಲಿ, ಮಾದರಿ ತೆಗೆಯುವ ಕೊಳವೆಗಳಿಗೆ ಯಾವ ವಸ್ತು ತಕ್ಕುದೆಂದು ಪರೀಕ್ಷಿಸುತ್ತಿತ್ತು. ಆಗ ಕೆಲವು ಲೋಹಗಳ ಸಂಪರ್ಕದಲ್ಲಿ ಕ್ಲೋರಿನ್‌ಯುಕ್ತ ದ್ರಾವಕಗಳು ಕ್ಷೀಣಿಸುವುದು ಕಂಡುಬಂದಿತು. ಕಬ್ಬಿಣವು ತುಕ್ಕು ಹಿಡಿಯುವಾಗ ಬಿಟ್ಟುಕೊಡುವ ಎಲೆಕ್ಟ್ರಾನುಗಳು ದ್ರಾವಕದ ಅಣುವಿನಿಂದ ಕ್ಲೋರಿನ್ನನ್ನು ಬೇರ್ಪಡಿಸುತ್ತವೆ. ಅದು ಅಡುಗೆ ಉಪ್ಪಿನಲ್ಲಿರುವಂತಹ ಕ್ಲೋರೈಡಾಗಿ ನೀರಿನಲ್ಲಿ ಉಳಿಯುತ್ತದೆ. 1991ರಲ್ಲಿ ಬಾರ್ಡನ್ನಿನಲ್ಲಿ ಮರಳು ಮತ್ತು ಕಬ್ಬಿಣದ ಚೂರುಗಳನ್ನು ಬೆರೆಸಿದ ಗೋಡೆಯೊಂದನ್ನು ನೀರಿನ ಹಾದಿಗೆ ಅಡ್ಡಲಾಗಿ ಹೂಳಲಾಯಿತು. ಅದನ್ನು ಹಾದುಬಂದ ನೀರಿನಲ್ಲಿ ಟ್ರೈಕ್ಲೋರೋಎಥಿಲೀನಿನ ಪ್ರಮಾಣ ಸುಮಾರು ಶೇಕಡ 90ರಷ್ಟು ಇಳಿದಿತ್ತು. ಪಂಪಿಲ್ಲ, ವಿದ್ಯುತ್ತಿಲ್ಲ, ನೀರು ತಾನಾಗಿಯೇ ಹರಿದು ಶುದ್ಧವಾಗುತ್ತದೆ. ಮುಂದೆ ಈ ವಿಧಾನ ಹಲವು ದೇಶಗಳಲ್ಲಿ ಬಳಕೆಗೆ ಬಂದಿತು. ಆದರೆ ಈ ಗೋಡೆಯೂ ತನ್ನ ಕಡೆಗೆ ಬಂದ ನೀರನ್ನು ಮಾತ್ರ ತೊಳೆಯಬಲ್ಲದು. ಆಳದಲ್ಲಿ ತಂಗಿದ ವಿಷದ ಮೂಲವನ್ನು ಕಿತ್ತುಹಾಕಲಾರದು.

ಚೆರಿಯವರ ಸೇವೆಯನ್ನು ಮನ್ನಿಸಿ 2016ರಲ್ಲಿ ಸಿಂಗಪುರದ ಲೀ ಕ್ವಾನ್ ಯೂ ಜಲ ಪ್ರಶಸ್ತಿಯನ್ನೂ 2020ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿಯನ್ನೂ ನೀಡಲಾಯಿತು. ಇಳಿವಯಸ್ಸಿನಲ್ಲಿಯೂ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಅಂತರ್ಜಲವನ್ನು ಕುರಿತ ಪುಸ್ತಕಗಳನ್ನು ತಜ್ಞರಿಂದ ಬರೆಯಿಸಿ, ಲೋಕದ ಎಲ್ಲ ವಿದ್ಯಾರ್ಥಿಗಳಿಗೂ ಬೆಲೆಯಿಲ್ಲದೆ ಒದಗಿಸುವ ಯೋಜನೆಯನ್ನು ಮುನ್ನಡೆಸಿದರು.

ಭೂವಿಜ್ಞಾನ, ರಸಾಯನಶಾಸ್ತ್ರ ಮತ್ತು ಗಣಿತ ಇವು ಮೂರೂ ಕೂಡಿದಾಗ ಮಾತ್ರ ಈ ವೃತ್ತಿ ಸಾಧ್ಯ. ಇದಕ್ಕೆ ಬೇಕಾದ ನಾಲ್ಕನೆಯ ಗುಣವೆಂದರೆ ತಾಳ್ಮೆ. ದಿನಕ್ಕೆ ಗೇಣುದ್ದವೂ ಸಾಗದ ನೀರಿನ ಹಿಂದೆ ವರ್ಷಗಟ್ಟಲೆ ನಡೆಯಬಲ್ಲವನೇ ಅದರ ಗುಟ್ಟನ್ನು ಅರಿಯಬಲ್ಲನು. ಬಾವಿ, ಕೊಳವೆಬಾವಿಗಳನ್ನು ನಂಬಿ ಬಾಳುವ ಜನರಿಗೆ ಚೆರಿಯವರ ಜೀವನಕಾರ್ಯ ತಿಳಿಸುವ ಪಾಠವೂ ಸ್ಪಷ್ಟವಾಗಿದೆ. ಕೆಟ್ಟ ಅಂತರ್ಜಲವನ್ನು ಸರಿಪಡಿಸಲು ಒಂದು ತಲೆಮಾರೇ ಸಾಲದಾಗಬಹುದು; ಕೆಡದಂತೆ ಕಾಯಲು ಇಂದಿನ ಎಚ್ಚರವೇ ಸಾಕು.

ಅಭ್ಯಾಸ

1. ಹೊಳೆಯ ಮಾಲಿನ್ಯಕ್ಕೂ ಅಂತರ್ಜಲದ ಮಾಲಿನ್ಯಕ್ಕೂ ಇರುವ ವ್ಯತ್ಯಾಸಗಳೇನು?
2. ಲವ್ ಕೆನಾಲಿನಲ್ಲಿ ನಡೆದುದೇನು? ಅದರ ಪರಿಣಾಮವೇನಾಯಿತು?
3. 1982ರ ಬಾರ್ಡನ್ ಪ್ರಯೋಗವನ್ನು ನಿಮ್ಮ ಮಾತಿನಲ್ಲಿ ವಿವರಿಸಿರಿ.
4. ಪಂಪು ಮಾಡಿ ನೀರನ್ನು ಶುದ್ಧಗೊಳಿಸುವ ವಿಧಾನ ಅನೇಕ ಕಡೆ ಗುರಿ ಮುಟ್ಟದಿರಲು ಕಾರಣವೇನು?
5. ಕಬ್ಬಿಣದ ಗೋಡೆ ನೀರನ್ನು ಹೇಗೆ ಶುದ್ಧಗೊಳಿಸುತ್ತದೆ? ಅದರ ಮಿತಿ ಯಾವುದು?
6. ನಿಮ್ಮ ಊರಿನ ಒಂದು ಬಾವಿಯ ಸುತ್ತಮುತ್ತಲನ್ನು ನೋಡಿ ಬಂದು, ಅದರ ನೀರನ್ನು ಕೆಡಿಸಬಹುದಾದ ವಸ್ತುಗಳ ಪಟ್ಟಿಯನ್ನು ತಯಾರಿಸಿರಿ.