ಪಕ್ಷಾಂತರಕ್ಕೆ ಮೊದಲು ತಕ್ಕಡಿ

ನವಲಗುಂದ ತಾಲ್ಲೂಕಿನ ಶಾಲೆಯೊಂದರ 7ನೇ ತರಗತಿಯಲ್ಲಿ ಬೋಧನಾಭ್ಯಾಸಕ್ಕೆ ನಾನು ತೆಗೆದುಕೊಂಡ ಘಟಕ ಸರಳ ಸಮೀಕರಣಗಳು. ‘ಆಚೆ ಹೋದರೆ ಚಿಹ್ನೆ ಬದಲು’ ಎಂಬುದು ಮಕ್ಕಳಿಗೆ ಮೊದಲೇ ಬಾಯಿಪಾಠವಾಗಿತ್ತು. ಯಾ + 5 = 12 ಎಂದು ಬರೆದೆ; ಎಲ್ಲರೂ 7 ಎಂದರು. (ಪುಸ್ತಕದ ಎಕ್ಸ್ ಅಕ್ಷರವನ್ನು ಹಲವರು ಗುಣಾಕಾರದ ಚಿಹ್ನೆಯೆಂದೇ ಓದುತ್ತಿದ್ದರಿಂದ ‘ಯಾ’ ಬಳಸಿದೆ. ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಅವ್ಯಕ್ತಕ್ಕೆ ಬಳಸುವುದೂ ಅದನ್ನೇ, ಯಾವತ್ತಾವತ್ ಎಂಬುದರ ಮೊದಲಕ್ಷರ.)

ಮುಂದಿನದು 3ಯಾ = 12. ಅರ್ಧದಷ್ಟು ಪಾಟಿಗಳ ಮೇಲೆ 9 ಇತ್ತು.

“9 ಹೆಂಗ ಬಂತು?”
“ಮೂರು ಆಚೆ ಹೋದ್ರ ಕಳೀಬೇಕಲ್ರೀ ಸರ್.”
“ಹಂಗಾರ ಮೂರೊಂಬತ್ಲೆ?”
“ಇಪ್ಪತ್ತೇಳ್ರಿ.” ಸ್ವಲ್ಪ ತಡೆದು, “ಇಲ್ಲಿ ಹನ್ನೆರಡ ಐತಲ್ರೀ!”

3ರ ಮುಂದೆ ಚಿಹ್ನೆಯೇ ಇಲ್ಲ. ಇಲ್ಲದ ಕಡೆ ಮಗು ಕೂಡಿಸುವ ಚಿಹ್ನೆ ಇದೆಯೆಂದು ತಾನೇ ಊಹಿಸುತ್ತದೆ, ಆಮೇಲೆ ಸೂತ್ರವನ್ನು ನಿಷ್ಠೆಯಿಂದ ಪಾಲಿಸುತ್ತದೆ. ದಡ್ಡತನ ಇದಲ್ಲ.

ಮರುದಿನ ತಕ್ಕಡಿ ಒಯ್ದೆ. ಒಂದೇ ಅಳತೆಯ ಮೂರು ಚೀಲಗಳಲ್ಲಿ ನಾಲ್ಕು ನಾಲ್ಕು ಗೋಲಿಗುಂಡು ಕಟ್ಟಿ ಒಂದು ತಟ್ಟೆಗೆ ಇಟ್ಟೆ. ಇನ್ನೊಂದಕ್ಕೆ 12 ಬಿಡಿ ಗುಂಡುಗಳು, ಜೊತೆಗೆ ಮೂರು ಖಾಲಿ ಚೀಲ. ಖಾಲಿ ಚೀಲ ಮರೆತರೆ ತಕ್ಕಡಿ ವಾಲುತ್ತದೆ, ಪಾಠವೂ ವಾಲುತ್ತದೆ. ಒಂದೇ ಚೀಲ ಉಳಿಸಲು ಹೇಳಿದೆ. ಹುಡುಗಿಯೊಬ್ಬಳು ಎರಡು ಚೀಲ ತೆಗೆದಳು. ಮುಳ್ಳು ಸಮಕ್ಕೆ ಬರಲು ಆಚೆಯಿಂದ ಎರಡು ಖಾಲಿ ಚೀಲ, ಎಂಟು ಗುಂಡು ತೆಗೆಯಬೇಕಾಯಿತು. “ಮೂರು ಪಾಲು ಮಾಡ್ರಿ, ಒಂದು ಇಡ್ರಿ” ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ಭಾಗಾಕಾರ ಎಂಬ ಪದವನ್ನು ಅಲ್ಲಿಯವರೆಗೆ ನಾನು ಎತ್ತಿರಲಿಲ್ಲ.

1150ರ ಆ ಗ್ರಂಥದಲ್ಲಿ ಮೊದಲ ಹೆಜ್ಜೆಗೆ ಸಮಶೋಧನ ಎಂಬ ಹೆಸರಿದೆ: ಎರಡೂ ಪಕ್ಷಗಳಿಂದ ಸಮನಾಗಿ ಕಳೆಯುವುದು. ಪಕ್ಷಾಂತರ ಅದರ ಸಂಕ್ಷೇಪ ಮಾತ್ರ, ಕ್ರಿಯೆ ಅದರಲ್ಲಿ ಕಾಣುವುದಿಲ್ಲ. ಅವಧಿ ಉಳಿಯುತ್ತದೆಂದು ನಾವು ಪ್ರಶಿಕ್ಷಣಾರ್ಥಿಗಳು ಅದರಿಂದಲೇ ಆರಂಭಿಸುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ.

ಯಾ ÷ 4 = 3 ಎಂಬುದಕ್ಕೆ ತಕ್ಕಡಿ ಸಾಲದು, ಚೀಲದ ಕಾಲುಭಾಗ ತೂಗಲಾಗದು. ನಾಲ್ವರು ಅಣ್ಣತಮ್ಮಂದಿರು ಎರಿ ಹೊಲ ಸಮಪಾಲು ಮಾಡಿಕೊಂಡರು, ತಲಾ 3 ಎಕರೆ ಬಂತು ಎಂದೆ. ಮಾತು ಮುಗಿಯುವ ಮೊದಲೇ “ಹನ್ನೆರಡು” ಎಂದರು. ಪಾಲಿನ ಲೆಕ್ಕ ಈ ಊರ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ.

ಮನೆಲೆಕ್ಕದಲ್ಲಿ ಐವರು 5ಯಾ = 20ಕ್ಕೆ ಇನ್ನೂ 15 ಬರೆದಿದ್ದಾರೆ. ನಾಳೆ ಅವರು ಮೊದಲು ತಕ್ಕಡಿಯ ಚಿತ್ರ ಬರೆದು, ಉತ್ತರವನ್ನು ಯಾ ಇರುವಲ್ಲಿ ಇಟ್ಟು ನೋಡುವಂತೆ ಪಾಠಯೋಜನೆಯಲ್ಲಿ ಸೇರಿಸಿದ್ದೇನೆ.